ಒಂದೇ ಬಾಯ್ಲರ್‌ನಿಂದ ಮಹಡಿಗೂ ಕೆಳಮನೆಗೂ ಬೇರೆ ಬೇರೆ ಶಾಖ ಸಾಧ್ಯವೇ?

ಇಂಗ್ಲೆಂಡಿನ ಮನೆಯಲ್ಲಿ ಒಂದೇ ಬಾಯ್ಲರ್ (ನೀರು ಕಾಯಿಸಿ ಕೊಳವೆಗಳ ಮೂಲಕ ಕೋಣೆಗಳನ್ನು ಬೆಚ್ಚಗಿಡುವ ಯಂತ್ರ) ಇಟ್ಟುಕೊಂಡು ಮಹಡಿಯನ್ನೂ ಕೆಳಗಿನ ಅಂತಸ್ತನ್ನೂ ಬೇರೆ ಬೇರೆಯಾಗಿ ಬೆಚ್ಚಗಿಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ, 150 ಚದರ ಮೀಟರಿಗಿಂತ ದೊಡ್ಡ ಹೊಸ ಮನೆಗೆ ಈ ಬಿಸಿನೀರಿನ ವ್ಯವಸ್ಥೆ ಹಾಕಿಸುವಾಗ ಕನಿಷ್ಠ ಎರಡು ವಲಯಗಳು, ಅಂದರೆ ಬೇರೆ ಬೇರೆಯಾಗಿ ನಿಯಂತ್ರಿಸಬಹುದಾದ ಭಾಗಗಳು, ಇರಬೇಕೆಂದು ಅಲ್ಲಿನ ಕಟ್ಟಡ ನಿಯಮವೇ ಹೇಳುತ್ತದೆ.

ಬಿಸಿನೀರಿನ ಕೊಳವೆ ಕವಲೊಡೆಯುವ ಕಡೆ ಪ್ರತಿ ವಲಯಕ್ಕೂ ಒಂದೊಂದು ಮೋಟಾರು ಕವಾಟ, ಆ ವಲಯದ ಕೋಣೆಯೊಂದರಲ್ಲಿ ಥರ್ಮೋಸ್ಟಾಟ್ (ಕೋಣೆಯ ಬಿಸಿ ಗಮನಿಸಿ ತಾನಾಗಿ ಹೊತ್ತಿ ಆರುವ ಸ್ವಿಚ್ಚು) ಮತ್ತು ಟೈಮರ್ ಇರುತ್ತವೆ. ಥರ್ಮೋಸ್ಟಾಟ್ ನೇರವಾಗಿ ಬಾಯ್ಲರನ್ನು ಹೊತ್ತಿಸುವುದಿಲ್ಲ ಎಂಬುದೇ ಇಲ್ಲಿನ ಜಾಣ್ಮೆ: ಅದು ಸಾಮಾನ್ಯವಾಗಿ ಕಂದು ತಂತಿಯ ಮೂಲಕ ಕವಾಟದ ಮೋಟಾರಿಗೆ ವಿದ್ಯುತ್ ಕೊಡುತ್ತದೆ, ಕವಾಟ ತೆರೆದುಕೊಂಡಾಗ ಒಳಗಿನ ಪುಟ್ಟ ಸ್ವಿಚ್ಚು ಒತ್ತಿಕೊಂಡು ಬೂದು ತಂತಿಯನ್ನು ಕಿತ್ತಳೆ ತಂತಿಗೆ ಸೇರಿಸುತ್ತದೆ, ಆಗಷ್ಟೇ ಬಾಯ್ಲರಿಗೂ ಪಂಪಿಗೂ ಚಾಲನೆ ಸಿಗುತ್ತದೆ. ಎಲ್ಲ ಥರ್ಮೋಸ್ಟಾಟ್‌ಗಳ ಬಿಸಿಯ ಮಟ್ಟ ಇಳಿಸಿದರೂ ಬಾಯ್ಲರ್ ಉರಿಯುತ್ತಲೇ ಇದ್ದರೆ ನಾನು ಮೊದಲು ಅನುಮಾನಿಸುವುದು ಅಂಟಿಕೊಂಡ ಈ ಸ್ವಿಚ್ಚನ್ನೇ. ಬೂದು ತಂತಿಯಲ್ಲಿ ಸದಾ ವಿದ್ಯುತ್ ಹರಿಯುವುದರಿಂದ ಕವಾಟದ ಮುಚ್ಚಳ ತೆಗೆಯುವ ಮುನ್ನ ಮುಖ್ಯ ಸ್ವಿಚ್ ಆರಿಸಲೇಬೇಕು.

ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರಿಗೆ (ಬಿಸಿನೀರು ಹರಿದು ಕೋಣೆಗೆ ಶಾಖ ಕೊಡುವ ಫಲಕ) ಮಾತ್ರ ತಾನಾಗಿ ಮುಚ್ಚಿಕೊಳ್ಳುವ ಕವಾಟ ಬೇಡ. ಅದು ಮೊದಲೇ ಮುಚ್ಚಿಕೊಂಡರೆ ಕೋಣೆ ನಿಗದಿತ ಬಿಸಿಗೆ ಏರುವುದೇ ಇಲ್ಲ, ಬಾಯ್ಲರ್ ನಿಲ್ಲುವುದೂ ಇಲ್ಲ.