ಡೊಂಕು ಬಾಲದ ಮೂಲ ಎಲ್ಲಿದೆ? – ಸಂಪಾದಕರ ಉತ್ತರ

ಓದುಗ ಮಿತ್ರರೇ,

ನಿಮ್ಮ ದೀರ್ಘ ಪತ್ರದ ಸಾರವನ್ನು ಇತರ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇನೆ. ನೀವು ಸಾಕಿರುವ ಲೆಪರ್ಡ್ ಗೆಕ್ಕೊ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ಜೋಡಿಯಲ್ಲಿ ಹೆಣ್ಣಿಗೆ ಮರಿಯಾಗಿ ಬಂದ ದಿನದಿಂದಲೂ ಬಾಲದ ತುದಿಯ ಬಳಿ ಸಣ್ಣ ಡೊಂಕಿದೆ. ಗಂಡಿನ ಬಾಲ ನೇರವಾಗಿದೆ. ಎರಡನ್ನೂ ತಂದದ್ದು ಒಬ್ಬರೇ ಸಾಕಣೆದಾರರಿಂದ. ಕಳೆದ ಋತುವಿನಲ್ಲಿ ಮೂರು ಸೂಲಿನ ಆರು ಮೊಟ್ಟೆಗಳೂ ಒಡೆದು ಮರಿಗಳು ಹೊರಬಂದವು. ಕೊನೆಯ ಸೂಲಿನ ಎರಡೂ ಮರಿಗಳ ಬಾಲ ಡೊಂಕು. ಈ ಜೋಡಿಯನ್ನು ಮತ್ತೆ ಕೂಡಿಸಬಹುದೇ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಮರಿಯ ಬಾಲವನ್ನು ಬೇಕೆಂದೇ ಉದುರಿಸಿದರೆ ನೇರವಾದ ಹೊಸ ಬಾಲ ಬರುತ್ತದೆಂದು ಪರಿಚಿತರೊಬ್ಬರು ಹೇಳಿದ್ದು ಸರಿಯೇ ಎಂಬುದು ಇನ್ನೊಂದು. ಕೊನೆಯ ಸಾಲಿನಲ್ಲಿ, ಒಂದು ಮರಿಯ ಬಾಲದ ತುದಿ ಕಪ್ಪಾಗುತ್ತಿದೆ ಎಂದು ಹೋಗುವ ಹೊತ್ತಿನ ಮಾತಿನಂತೆ ಬರೆದಿದ್ದೀರಿ.

ನಾನು ಆ ಕೊನೆಯ ಸಾಲಿನಿಂದಲೇ ಆರಂಭಿಸಬೇಕಾಗಿದೆ, ಏಕೆಂದರೆ ಉಳಿದದ್ದಕ್ಕೆ ಮುಂದಿನ ಋತುವಿನವರೆಗೆ ಸಮಯವಿದೆ, ಇದಕ್ಕಿಲ್ಲ. ಪೊರೆ ಬಿಡುವಾಗ ಹಳೆಯ ಚರ್ಮ ಬಾಲದ ತುದಿಯಲ್ಲಿ ಉಂಗುರದಂತೆ ಉಳಿದು ಒಣಗಿದರೆ, ಅದು ಬಿಗಿದು ರಕ್ತಸಂಚಾರವನ್ನು ತಡೆಯುತ್ತದೆ. ಡೊಂಕಿನ ಒಳಮಡಿಕೆಯಲ್ಲಿ ಇಂಥ ಚರ್ಮ ಸಿಕ್ಕಿಕೊಳ್ಳುವುದು ಸುಲಭ. ಮರಿಯನ್ನು ಉಗುರುಬೆಚ್ಚಗಿನ ಆಳವಿಲ್ಲದ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಒದ್ದೆ ಹತ್ತಿಯಿಂದ ಮೆಲ್ಲಗೆ ಸವರಿ, ತಾನಾಗಿ ಸಡಿಲವಾದ ಪೊರೆಯನ್ನಷ್ಟೇ ತೆಗೆಯಿರಿ. ಎಳೆಯಬೇಡಿ. ತುದಿ ಈಗಾಗಲೇ ಕಪ್ಪಾಗಿ ಗಟ್ಟಿಯಾಗಿದ್ದರೆ ಆ ಭಾಗ ಸತ್ತಿದೆ ಎಂದರ್ಥ. ಅದು ಮೇಲಕ್ಕೆ ಹಬ್ಬುವ ಮೊದಲೇ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿ ಹೋಗಬೇಕು.

ಇನ್ನು ಡೊಂಕಿನ ವಿಚಾರ. ಲೆಪರ್ಡ್ ಗೆಕ್ಕೊದ ಬಾಲ ಕೊಬ್ಬಿನ ಉಗ್ರಾಣ. ಅದರ ನಡುವೆ ಬೆನ್ನುಮೂಳೆಯ ಮುಂದುವರಿಕೆಯಾದ ಕಶೇರುಮಣಿಗಳ ಸಾಲು ಇರುತ್ತದೆ. ಹುಟ್ಟಿನಿಂದ ಬಂದ ಡೊಂಕು ಈ ಮಣಿಗಳು ಸರಿಯಾಗಿ ರೂಪುಗೊಳ್ಳದ್ದರ, ಇಲ್ಲವೇ ಒಂದಕ್ಕೊಂದು ಓರೆಯಾಗಿ ಕೂಡಿಕೊಂಡದ್ದರ ಗುರುತು. ಹುಟ್ಟುವಾಗ ನೇರವಾಗಿದ್ದು ಬೆಳೆಯುತ್ತ ಸೊಟ್ಟಗಾದ ಬಾಲದ ಕಥೆ ಬೇರೆ. ಅಲ್ಲಿ ಮೊದಲು ಅನುಮಾನಿಸಬೇಕಾದದ್ದು ಹಳೆಯ ಪೆಟ್ಟನ್ನು, ಅಥವಾ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಕೊರತೆಯಿಂದ ಮೂಳೆಗಳು ಮೆತ್ತಗಾಗುವ ರೋಗವನ್ನು. ಆ ರೋಗದಲ್ಲಿ ಸಾಮಾನ್ಯವಾಗಿ ಕಾಲು, ದವಡೆಗಳೂ ಬಾಗುತ್ತವೆ, ನಡಿಗೆಯಲ್ಲಿ ನಡುಕ ಕಾಣುತ್ತದೆ. ನಿಮ್ಮ ಎರಡು ಮರಿಗಳೂ ಮೊಟ್ಟೆಯಿಂದಲೇ ಹಾಗೆ ಬಂದಿವೆಯಾದ್ದರಿಂದ ಈ ಎರಡನ್ನೂ ಬದಿಗಿಡಬಹುದು.

ಉಳಿಯುವುದು ಮೊಟ್ಟೆಯೊಳಗಿನ ದಿನಗಳು ಮತ್ತು ವಂಶ. ಮೊಟ್ಟೆ ಇಟ್ಟ ನಂತರದ ವಾರಗಳಲ್ಲಿ ಭ್ರೂಣದ ಬಾಲ ಬೆಳೆಯುತ್ತಿರುತ್ತದೆ. ಆ ಕಾಲದಲ್ಲಿ ಇನ್‌ಕ್ಯುಬೇಟರಿನ ಉಷ್ಣತೆ ಮಿತಿಮೀರಿದರೆ ಅದರ ಪೆಟ್ಟು ಮೂಳೆಗಳ ಮೇಲೆ ಬೀಳಬಹುದು. ಈ ಪ್ರಾಣಿಯಲ್ಲಿ ಮರಿಯ ಲಿಂಗವನ್ನು ನಿರ್ಧರಿಸುವುದೂ ಇದೇ ಉಷ್ಣತೆ: ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಹುಪಾಲು ಹೆಣ್ಣು, 32–33ರ ಆಸುಪಾಸಿನಲ್ಲಿ ಬಹುಪಾಲು ಗಂಡು, 34–35ರಲ್ಲಿ ಮತ್ತೆ ಹೆಣ್ಣು. ಗಂಡು ಮರಿಗಳ ಆಸೆಗೆ ನೀವು 32.5ರಲ್ಲಿ ಇಟ್ಟದ್ದು ತಪ್ಪಲ್ಲ, ಆದರೆ ಅಲ್ಲಿಂದ ಅಪಾಯದ ಗಡಿ ಎರಡು ಮೂರು ಡಿಗ್ರಿಗಳಷ್ಟೇ ದೂರ. ಕೊನೆಯ ಸೂಲಿನ ಎರಡನೇ ವಾರದಲ್ಲಿ ಥರ್ಮೋಸ್ಟಾಟ್ ಕೆಟ್ಟು ಒಂದು ಇಡೀ ದಿನ 36 ತೋರಿಸಿತೆಂದು ನೀವೇ ಬರೆದಿದ್ದೀರಿ. ಸಾಲು ಸಾಲಾಗಿ ಮೊಟ್ಟೆ ಇಟ್ಟ ತಾಯಿಯ ಮೈಯಲ್ಲಿ ಕೊನೆಯ ಸೂಲಿನ ಹೊತ್ತಿಗೆ ಕ್ಯಾಲ್ಸಿಯಂ ಕೂಡ ಇಳಿದಿರುತ್ತದೆ. ಎರಡು ಡೊಂಕುಗಳೂ ಅದೇ ಸೂಲಿನಲ್ಲಿ ಕಂಡದ್ದು ಇನ್‌ಕ್ಯುಬೇಟರಿನ ಕಡೆಗೇ ಬೆರಳು ತೋರಿಸುತ್ತದೆ.

ತಾಯಿಯ ಬಾಲ ನೇರವಾಗಿದ್ದರೆ ನಾನು ಇಲ್ಲಿಗೇ ನಿಲ್ಲುತ್ತಿದ್ದೆ. ಆದರೆ ಅವಳೂ ಡೊಂಕಿನೊಂದಿಗೇ ಬಂದವಳು, ಜೊತೆಗೆ ಗಂಡು ಅದೇ ಮನೆಯದು. ಎರಡೂ ಒಂದೇ ತಂದೆಯ ಮಕ್ಕಳಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಒಂದು ವಾದಕ್ಕಾಗಿ ಈ ದೋಷ ಅಪ್ರಬಲ ಜೀನ್‌ನದು, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥದು ಎಂದುಕೊಳ್ಳಿ. ಗಂಡು ಅದನ್ನು ಗುಟ್ಟಾಗಿ ಹೊತ್ತಿದ್ದರೆ ಅರ್ಧದಷ್ಟು ಮರಿಗಳು ಡೊಂಕಾಗಬೇಕು. ಆರರಲ್ಲಿ ಎರಡು ಎಂಬುದು ಆ ಲೆಕ್ಕಕ್ಕೂ ಹೊಂದುತ್ತದೆ, ಥರ್ಮೋಸ್ಟಾಟಿನ ಲೆಕ್ಕಕ್ಕೂ ಹೊಂದುತ್ತದೆ. ಗಂಡು ಅದನ್ನು ಹೊತ್ತಿರದಿದ್ದರೆ ಎಲ್ಲ ಮರಿಗಳೂ ನೇರ ಬಾಲದವೇ ಆಗಿ, ಪ್ರತಿಯೊಂದೂ ಆ ಜೀನ್‌ನ ಒಂದು ಪ್ರತಿಯನ್ನು ಒಳಗೇ ಹೊತ್ತು ಸಾಗುತ್ತದೆ. ಹೀಗಾಗಿ, "ಬೇರೆ ಗಂಡಿನೊಂದಿಗೆ ಕೂಡಿಸಿದೆ, ಮರಿಗಳೆಲ್ಲ ಚೆನ್ನಾಗಿವೆ, ಇನ್ನು ಚಿಂತೆಯಿಲ್ಲ" ಎಂದು ಸಾಕಣೆದಾರರು ಕೊಡುವ ಸಮಾಧಾನ ನನಗೆ ಸಮಾಧಾನ ತರುವುದಿಲ್ಲ. ನಿಜ ತಿಳಿಯಲು ಎರಡು ತಲೆಮಾರು ಬೇಕು, ಹತ್ತಾರು ಮರಿಗಳು ಬೇಕು, ಮತ್ತು ಅವುಗಳಲ್ಲಿ ಪ್ರತಿಯೊಂದಕ್ಕೂ ಹದಿನೈದು ಇಪ್ಪತ್ತು ವರ್ಷ ಅನ್ನ ಹಾಕುವ ಮನೆ ಬೇಕು. ಒಂದು ಅನುಮಾನವನ್ನು ಬಗೆಹರಿಸಿಕೊಳ್ಳಲು ಅಷ್ಟು ಜೀವಗಳನ್ನು ಹುಟ್ಟಿಸುವುದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ.

ಆದ್ದರಿಂದ ನನ್ನ ಉತ್ತರ: ಈ ಹೆಣ್ಣನ್ನು ಇನ್ನು ಯಾವ ಗಂಡಿನೊಂದಿಗೂ ಕೂಡಿಸಬೇಡಿ. ಡೊಂಕು ಅವಳಿಗೆ ನೋವು ಕೊಡುತ್ತಿಲ್ಲ, ಅವಳು ಸಾಕಲು ಯಾವ ವಿಧದಲ್ಲೂ ಕಡಿಮೆಯಲ್ಲ. ಗಂಡಿನ ವಿಷಯದಲ್ಲಿ ನಾನು ಅಷ್ಟು ಬಿಗಿಯಾಗಿಲ್ಲ. ಅವನ ತಂದೆ ತಾಯಿ ಮತ್ತು ಒಡಹುಟ್ಟಿದವುಗಳ ಬಾಲ ಹೇಗಿದ್ದವೆಂದು ಮೂಲ ಸಾಕಣೆದಾರರನ್ನು ಕೇಳಿ, ಸ್ಪಷ್ಟ ಉತ್ತರ ಸಿಕ್ಕರೆ ಮಾತ್ರ ಸಂಬಂಧವೇ ಇಲ್ಲದ ವಂಶದ ಹೆಣ್ಣನ್ನು ಹುಡುಕಬಹುದು. ಇದನ್ನು ಅತಿಯೆನ್ನುವವರು ಲೆಮನ್ ಫ್ರಾಸ್ಟ್ ಎಂಬ ಬಣ್ಣದ ತಳಿಯನ್ನು ನೆನಪಿಸಿಕೊಳ್ಳಲಿ: ಬಣ್ಣಕ್ಕೆ ಮರುಳಾಗಿ ಅದನ್ನು ಹಬ್ಬಿಸಿದ ಮೇಲೆ ಆ ತಳಿಯ ಪ್ರಾಣಿಗಳ ಚರ್ಮದಲ್ಲಿ ಗಡ್ಡೆಗಳು ಕಾಣತೊಡಗಿದವು, ಬಣ್ಣ ಮತ್ತು ಗಡ್ಡೆ ಎರಡರ ಬೇರೂ ಒಂದೇ ಜೀನ್‌ನ ಬಳಿ ಇದೆಯೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಡೊಂಕು ಬಾಲ ಅಷ್ಟು ಭೀಕರವಲ್ಲ, ನಿಜ. ಮೊದಲು ಹಬ್ಬಿಸಿ ಆಮೇಲೆ ಯೋಚಿಸುವ ಅಭ್ಯಾಸ ಮಾತ್ರ ಎರಡರಲ್ಲೂ ಒಂದೇ.

ಬಾಲ ಉದುರಿಸುವ ಸಲಹೆಯ ಬಗ್ಗೆ ನನ್ನ ಮಾತು ಸ್ವಲ್ಪ ಖಾರವಾಗಿದ್ದರೆ ಕ್ಷಮಿಸಿ. ನಾಯಿಬಾಲಕ್ಕೆ ದಬ್ಬೆ ಕಟ್ಟುವುದಕ್ಕಿಂತ ಇದು ಕೆಟ್ಟದ್ದು. ಹೊಸ ಬಾಲ ಬರುತ್ತದೆ, ಹೌದು. ಆದರೆ ಅದರೊಳಗೆ ಮಣಿಗಳ ಸಾಲಿನ ಬದಲು ಮೃದ್ವಸ್ಥಿಯ ಒಂದು ಕೊಳವೆಯಷ್ಟೇ ಇರುತ್ತದೆ, ಆಕಾರ ಗೆಡ್ಡೆಯಂತೆ ಉಬ್ಬಿರುತ್ತದೆ. ಕೂಡಿಟ್ಟ ಕೊಬ್ಬನ್ನೆಲ್ಲ ಕಳೆದುಕೊಂಡ ಮರಿ ಬೆಳೆಯಬೇಕಾದ ತಿಂಗಳುಗಳನ್ನು ಬಾಲ ಕಟ್ಟುವುದರಲ್ಲೇ ಕಳೆಯುತ್ತದೆ. ಜೀನ್ ಬಾಲದಲ್ಲಷ್ಟೇ ಇಲ್ಲ, ಮೈಯ ಪ್ರತಿ ಕೋಶದಲ್ಲೂ ಇದೆ. ಹೀಗೆ ಮಾಡಿದರೆ ಮರೆಯಾಗುವುದು ಮುಂದೆ ಕೊಳ್ಳುವವರಿಗೆ ಸಿಗಬೇಕಾಗಿದ್ದ ಏಕೈಕ ಸುಳಿವು ಮಾತ್ರ.

ಆ ಎರಡು ಮರಿಗಳ ಬೆನ್ನನ್ನು ಕುತ್ತಿಗೆಯಿಂದ ಸೊಂಟದವರೆಗೆ ಬೆರಳಿನಿಂದ ಹಗುರವಾಗಿ ಮುಟ್ಟಿ ನೋಡಿ; ಅಲ್ಲಿಯೂ ಏರುಪೇರು ಸಿಕ್ಕರೆ, ಹೇಗೂ ವೈದ್ಯರ ಬಳಿ ಹೋಗುವಾಗ ಎಕ್ಸ್‌ರೇ ತೆಗೆಸಿ. ಬೇರೆಯವರಿಗೆ ಕೊಡುವುದಾದರೆ ಡೊಂಕು ಹುಟ್ಟಿನದು, ಮರಿ ಮಾಡಿಸಬಾರದು ಎಂಬುದನ್ನು ಬರೆದುಕೊಡಿ. ನೇರ ಬಾಲದ ನಾಲ್ಕಕ್ಕೂ ಇದೇ ಬರಹ ಸಲ್ಲಬೇಕು.

ಇನ್ನೊಂದು ಮಾತು. ಗಂಡನ್ನು ಇಂದೇ ಬೇರೆ ಗೂಡಿಗೆ ಹಾಕಿದರೂ ಹೆಣ್ಣು ತನ್ನೊಳಗೆ ವೀರ್ಯವನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳಬಲ್ಲಳು, ಆದ್ದರಿಂದ ಈ ಋತುವಿನಲ್ಲೂ ಫಲಿತ ಮೊಟ್ಟೆಗಳು ಬಂದಾವು. ಒದ್ದೆ ಮಣ್ಣಿನ ಪೆಟ್ಟಿಗೆಯನ್ನೂ ಕ್ಯಾಲ್ಸಿಯಂ ಪುಡಿಯನ್ನೂ ತಪ್ಪಿಸಬೇಡಿ. ಮೊಟ್ಟೆ ಕಂಡ ದಿನವೇ ಅದನ್ನು ತೆಗೆದು ಫ್ರೀಜರಿನಲ್ಲಿಡಿ, ಇನ್‌ಕ್ಯುಬೇಟರಿನಲ್ಲಲ್ಲ.