ಓದುಗರ ಪ್ರಶ್ನೆ: ವಿದೇಶಿ ಸಾಲದಲ್ಲಿ ಎಳೆದ ವಿದ್ಯುತ್ ಮಾರ್ಗಗಳು

ಪ್ರಶ್ನೆ: ಕೆನ್ಯಾದಲ್ಲಿ ಗಾಳಿಯಂತ್ರಗಳು ಸಿದ್ಧವಾಗಿದ್ದರೂ ಲೈನ್ ಇಲ್ಲದೆ ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ನಿಂತಿದ್ದವು, ಆದರೂ ಆ ಕಾಲಕ್ಕೆ ದುಡ್ಡು ಕೊಡಬೇಕಾಯಿತು ಎಂದು ಓದಿದೆ. ಒಂದು ಯೂನಿಟ್ಟೂ ಪಡೆಯದೆ ಹಣ ಕಟ್ಟುವುದು ಹೇಗೆ ಸಾಧ್ಯ?
– ಓದುಗರು, ಚಿತ್ರದುರ್ಗ

ಉತ್ತರ: ನೀವು ಓದಿದ್ದು ತುರ್ಕಾನಾ ಸರೋವರದ ಪವನ ವಿದ್ಯುತ್ ಯೋಜನೆಯ ವಿಷಯ. ಅಲ್ಲಿ 850 ಕಿಲೋವ್ಯಾಟಿನ 365 ಯಂತ್ರಗಳಿವೆ, ಒಟ್ಟು 310 ಮೆಗಾವ್ಯಾಟ್. 2017ರ ಆರಂಭಕ್ಕೆ ಎಲ್ಲವೂ ನಿಂತು ಸಿದ್ಧವಾಗಿದ್ದವು. ಅರ್ಧ ಸಾಮರ್ಥ್ಯದಲ್ಲಿ ತಿರುಗಿದರೂ ದಿನಕ್ಕೆ ಸುಮಾರು 37 ಲಕ್ಷ ಯೂನಿಟ್ ಬರಬೇಕಿತ್ತು. ಅದನ್ನು ಯಂತ್ರಗಳಿರುವ ಲೊಯಂಗಲಾನಿಯಿಂದ ನೈರೋಬಿ ಕಡೆಯ ಸುಸ್ವಾ ಸಬ್‌ಸ್ಟೇಷನ್ನಿಗೆ ತರಬೇಕಾದ 400 ಕೆ.ವಿ. (ಕಿಲೋವೋಲ್ಟ್) ಮಾರ್ಗ ಮಾತ್ರ ಮುಗಿದಿರಲಿಲ್ಲ. ಅದರ ಉದ್ದ 400 ಕಿಲೋಮೀಟರಿಗೂ ಹೆಚ್ಚು.

ಗಾಳಿಯಂತ್ರಗಳನ್ನು ಹಾಕಿದ್ದು ಖಾಸಗಿ ಕಂಪನಿ. ಮಾರ್ಗದ ಹೊಣೆ ಸರ್ಕಾರಿ ಪ್ರಸರಣ ಸಂಸ್ಥೆ ಕೆಟ್ರಾಕೋದ್ದು, ಅದರ ಹಣದ ದೊಡ್ಡ ಪಾಲು ಸ್ಪೇನಿನ ಸಾಲ. ಕೆಲಸ ಹಿಡಿದದ್ದೂ ಸ್ಪೇನಿನ ಐಸೊಲಕ್ಸ್ ಕೊರ್ಸಾನ್ ಕಂಪನಿ. 2017ರಲ್ಲಿ ಅದು ದಿವಾಳಿ ಎದ್ದಿತು. ಹಾಗಾದಾಗ ಹೊಸ ಗುತ್ತಿಗೆದಾರನನ್ನು ಮರುದಿನವೇ ಕರೆತರಲು ಆಗುವುದಿಲ್ಲ. ಎಷ್ಟು ಟವರಿನ ಅಡಿಪಾಯ ಆಗಿದೆ, ಎಷ್ಟು ಕಬ್ಬಿಣ ಬಿದ್ದಿದೆ, ಎಷ್ಟು ತಂತಿ ಎಳೆದಾಗಿದೆ ಎಂದು ಅಳೆದು ಲೆಕ್ಕ ಮುಗಿಸಬೇಕು, ಬ್ಯಾಂಕ್ ಖಾತರಿಯನ್ನು ಜಪ್ತಿ ಮಾಡಬೇಕು, ಉಳಿದ ಕೆಲಸಕ್ಕೆ ಹಣದ ದಾರಿ ಹುಡುಕಬೇಕು. ಕೊನೆಗೆ ಚೀನಾದ ಕಂಪನಿಗಳು ಉಳಿದದ್ದನ್ನು ಮುಗಿಸಿ, 2018ರ ಸೆಪ್ಟೆಂಬರಿನಲ್ಲಿ ಮಾರ್ಗಕ್ಕೆ ವಿದ್ಯುತ್ ಹರಿಯಿತು.

ಅಷ್ಟರಲ್ಲಿ ವಿದ್ಯುತ್ ಖರೀದಿ ಒಪ್ಪಂದದ ಒಂದು ಷರತ್ತು ಜಾರಿಗೆ ಬಂದಿತ್ತು: ಯಂತ್ರ ಸಿದ್ಧವಿದ್ದು ಮಾರ್ಗ ಇಲ್ಲದಿದ್ದರೆ, ವಿದ್ಯುತ್ ಬಂದಿದೆ ಎಂದೇ ಭಾವಿಸಿ ಹಣ ಕೊಡಬೇಕು. ಯಂತ್ರಗಳಿಗೆ ಸಾಲ ಕೊಟ್ಟ ಬ್ಯಾಂಕುಗಳು ಈ ರಕ್ಷಣೆ ಇಲ್ಲದೆ ಒಪ್ಪುವುದಿಲ್ಲ, ಒಪ್ಪದಿರುವುದು ನ್ಯಾಯವೂ ಹೌದು. ಹಾಗಾಗಿ ಗ್ರಿಡ್ಡಿನ ವಿಳಂಬದ ಹೊರೆ ಸರ್ಕಾರದ ಮೇಲೆ ಮತ್ತು ಗ್ರಾಹಕರ ದರದ ಮೇಲೆ ಬಿತ್ತು. ಇದು ಯಾರೂ ಊಹಿಸದ ಅಪಾಯವೇನಲ್ಲ. ಆಫ್ರಿಕಾ ಅಭಿವೃದ್ಧಿ ಬ್ಯಾಂಕು ಮಾರ್ಗ ತಡವಾಗುವ ಅಪಾಯಕ್ಕೆಂದೇ 2 ಕೋಟಿ ಯೂರೊಗಳ ಖಾತರಿ ಕೊಟ್ಟಿತ್ತು. ಅದಕ್ಕೂ ಮೊದಲು, 2012ರಲ್ಲಿ, ಬಳಸಲಾಗದ ವಿದ್ಯುತ್ತಿಗೂ ಕೆನ್ಯಾ ಹಣ ತೆರಬೇಕಾದೀತು ಎಂಬ ಕಳವಳದಿಂದ ವಿಶ್ವಬ್ಯಾಂಕ್ ಯೋಜನೆಯಿಂದ ಹಿಂದೆ ಸರಿದಿತ್ತು.

ಮಾರ್ಗದ ಗುತ್ತಿಗೆದಾರನಿಂದ ವಿಳಂಬ ದಂಡ ವಸೂಲಿ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಇಂಥ ಗುತ್ತಿಗೆಗಳಲ್ಲಿ ಆ ದಂಡ ಸಾಮಾನ್ಯವಾಗಿ ಗುತ್ತಿಗೆ ಮೊತ್ತದ ಶೇ 10ರ ಸುಮಾರಿಗೆ ನಿಲ್ಲುತ್ತದೆ. ಗಾಳಿಯಂತ್ರದ ಕಂಪನಿಗೆ ಕೊಡಬೇಕಾದ ಹಣ ದಿನದಿನವೂ ಬೆಳೆಯುತ್ತಿರುತ್ತದೆ. ಮಾರ್ಗ ಎಲ್ಲಿಗೆ ಬಂದಿದೆ ಎಂದು ನೋಡಿ ಯಂತ್ರಗಳನ್ನು ಹಂತಹಂತವಾಗಿ ಸ್ಥಾಪಿಸುವಂತೆ ವಿದ್ಯುತ್ ಖರೀದಿ, ಮಾರ್ಗದ ಗುತ್ತಿಗೆ ಈ ಎರಡೂ ಒಪ್ಪಂದಗಳ ದಿನಾಂಕಗಳನ್ನು ಮೊದಲೇ ಹೆಣೆದಿರಬೇಕು. ಆಮೇಲೆ ಮಾಡುವ ಸಂಧಾನದಲ್ಲಿ ಉಳಿಯುವುದು ಕಂತುಗಳ ಚೌಕಾಸಿ ಮಾತ್ರ.

ಪ್ರಶ್ನೆ: ಶೇ 2ರ ಬಡ್ಡಿಗೆ 20 ವರ್ಷದ ಸಾಲ ಸಿಗುವಾಗ ಬಡದೇಶಗಳು ಅದನ್ನು ಭಾರ ಎನ್ನುವುದೇಕೆ? ನಮ್ಮ ಮನೆ ಸಾಲವೇ ಶೇ 8ರ ಮೇಲಿದೆ.
– ಓದುಗರು, ತುಮಕೂರು

ಉತ್ತರ: ನಿಮ್ಮ ಸಂಬಳವೂ ಸಾಲವೂ ರೂಪಾಯಿಯಲ್ಲೇ ಇವೆ. ಗ್ರಿಡ್ ಕಂಪನಿಗೆ ಆ ಅನುಕೂಲ ಇಲ್ಲ: ಬಿಲ್ಲಿನ ಹಣ ಬರುವುದು ತನ್ನ ದೇಶದ ನಾಣ್ಯದಲ್ಲಿ, ಸಾಲ ತೀರಿಸಬೇಕಾದದ್ದು ಡಾಲರಿನಂಥ ವಿದೇಶಿ ನಾಣ್ಯದಲ್ಲಿ. 10 ಕೋಟಿ ಡಾಲರ್ ಸಾಲ ಎಂದಿಟ್ಟುಕೊಳ್ಳಿ. 2020ರ ಆರಂಭದಲ್ಲಿ ಡಾಲರಿಗೆ ಸುಮಾರು 100 ಕೆನ್ಯಾ ಶಿಲ್ಲಿಂಗ್ ಇತ್ತು, ಅಂದರೆ ಅಸಲು 1,000 ಕೋಟಿ ಶಿಲ್ಲಿಂಗ್. 2024ರ ಜನವರಿಯಲ್ಲಿ ಡಾಲರ್ 160ರ ಹತ್ತಿರ ಹೋದಾಗ ಅದೇ ಅಸಲು 1,600 ಕೋಟಿ. ಅದೇ ವರ್ಷ ಶಿಲ್ಲಿಂಗ್ ಮತ್ತೆ 130ರ ಆಸುಪಾಸಿಗೆ ಚೇತರಿಸಿಕೊಂಡಿತು, ನಿಜ. ಆದರೆ ಕಂತಿನ ದಿನ ಇದ್ದ ದರದಲ್ಲೇ ಕಟ್ಟಬೇಕು. ಅಲ್ಲಿನ ವಿದ್ಯುತ್ ಬಿಲ್ಲಿನಲ್ಲಿ ವಿದೇಶಿ ವಿನಿಮಯದ ಏರಿಳಿತಕ್ಕೆಂದೇ ಬೇರೆ ಸಾಲು ಇರುತ್ತದೆ.

ಎರಡನೆಯದು ಕಂತು ಶುರುವಾಗುವ ದಿನ. ಅಸಲು ಕಟ್ಟಲು 5 ವರ್ಷ ವಿನಾಯಿತಿ ಇದ್ದರೆ, ಆ ಗಡಿಯಾರ ಓಡಲು ಶುರುವಾಗುವುದು ಸಾಲಪತ್ರದ ದಿನಾಂಕದಿಂದ, ಮಾರ್ಗ ಚಾಲೂ ಆದ ದಿನದಿಂದಲ್ಲ. ಕೆಲಸ 8 ವರ್ಷ ಎಳೆದರೆ, ಒಂದು ಯೂನಿಟ್ ಸಾಗಿಸುವ ಮೊದಲೇ 3 ವರ್ಷದ ಅಸಲು ಕಟ್ಟಿರಬೇಕು. ಎತ್ತಿಕೊಳ್ಳದೆ ಉಳಿದ ಹಣಕ್ಕೂ ಶುಲ್ಕ ಇರುತ್ತದೆ: ವಿಶ್ವಬ್ಯಾಂಕಿನ ಸಾಮಾನ್ಯ ಸಾಲಗಳಲ್ಲಿ ಅದು ಬಹುಕಾಲ ವರ್ಷಕ್ಕೆ ಶೇ 0.25 ಇತ್ತು. ಆ ದರದಲ್ಲಿ 10 ಕೋಟಿ ಡಾಲರ್ ವರ್ಷವಿಡೀ ಹಾಗೇ ಕೂತರೆ 2.5 ಲಕ್ಷ ಡಾಲರ್ ಖರ್ಚು.

ಹಾಗಾದರೆ ಕೆಲಸ ಎಳೆಯುವುದೇಕೆ? ಬಹುಪಾಲು ಜಮೀನಿನಿಂದ. 400 ಕೆ.ವಿ. ಮಾರ್ಗಕ್ಕೆ ಭಾರತದಲ್ಲಿ 46 ಮೀಟರ್ ಅಗಲದ ಜಾಗ ಬೇಕು, ಕಿಲೋಮೀಟರಿಗೆ ಎರಡು ಮೂರು ಟವರ್. ಟವರ್, ತಂತಿ, ಟ್ರಾನ್ಸ್‌ಫಾರ್ಮರಿಗೆ ಸಾಲದ ಹಣ ಬರುತ್ತದೆ. ಜಮೀನಿನ ಪರಿಹಾರವನ್ನು ಸಾಮಾನ್ಯವಾಗಿ ಆ ದೇಶದ ಬಜೆಟ್ಟಿನಿಂದಲೇ ಕೊಡಬೇಕು. ಖಜಾನೆ ಅದನ್ನು ತಡಮಾಡುತ್ತದೆ, ರೈತ ಟವರ್ ಎತ್ತಲು ಬಿಡುವುದಿಲ್ಲ. ಬಿಡಬಾರದು ಕೂಡ. ನಡುವಿನ ಒಂದೇ ಟವರಿನ ಕೆಲಸ ನಿಂತುಹೋದರೂ ಅದರ ಎರಡೂ ಬದಿಯ ತಂತಿ ಎಳೆಯಲಾಗದು. 95 ಟವರ್ ಎದ್ದು 5 ಬಾಕಿ ಇರುವ ಮಾರ್ಗದ ಉಪಯೋಗ ಸೊನ್ನೆ.

ಸಾಲದ ಸುದ್ದಿ ಓದುವಾಗ ಬಡ್ಡಿಗಿಂತ ಮೊದಲು ಇವನ್ನು ಹುಡುಕಿ: ಸಾಲ ಯಾವ ದೇಶದ ನಾಣ್ಯದಲ್ಲಿದೆ, ಅಸಲಿನ ವಿನಾಯಿತಿ ಯಾವಾಗ ಮುಗಿಯುತ್ತದೆ, ಪರಿಹಾರದ ಹಣ ಬಜೆಟ್ಟಿನಲ್ಲಿದೆಯೇ, ಯಾರಿಂದ ಕೊಳ್ಳಬೇಕೆಂಬ ಕಟ್ಟು ಇದೆಯೇ. ಈ ಕೊನೆಯದು ಎಷ್ಟೋ ಕಡೆ ಇದೆ. ಭಾರತದ ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್ ಬೇರೆ ದೇಶಗಳಿಗೆ ಕೊಡುವ ಸಾಲದಲ್ಲೂ ಸಾಮಾನ್ಯವಾಗಿ ಶೇ 75ರಷ್ಟು ಸರಕು-ಸೇವೆ ಭಾರತದಿಂದಲೇ ಹೋಗಬೇಕು. ಟೆಂಡರಿಗೆ ಬರುವವರು ಕಡಿಮೆಯಾದಷ್ಟೂ ದರ ಏರುತ್ತದೆ.

ಪ್ರಶ್ನೆ: ಸಾಲ ತೀರಿಸದಿದ್ದರೆ ಗ್ರಿಡ್ಡನ್ನೇ ಕಿತ್ತುಕೊಳ್ಳುತ್ತಾರೆಯೇ?
– ಓದುಗರು, ಕಾರವಾರ

ಉತ್ತರ: ಮರುದಿನ ಬಂದು ಬೀಗ ಹಾಕುವುದಿಲ್ಲ. ಆದರೆ ಸಾಲದಲ್ಲಿ ಮುಳುಗಿದ ಲಾವೋಸ್ 2020ರಲ್ಲಿ ಪ್ರಸರಣಕ್ಕೆ ಹೊಸ ಕಂಪನಿ ಮಾಡಿ, ಬಹುಪಾಲು ಷೇರನ್ನು ಚೀನಾದ ಸದರ್ನ್ ಪವರ್ ಗ್ರಿಡ್ಡಿಗೆ ಬಿಟ್ಟಿತು. ಮರುವರ್ಷ 25 ವರ್ಷಗಳ ಹಕ್ಕಿನ ಒಪ್ಪಂದವೂ ಆಯಿತು. ಅದು ಜಪ್ತಿಯಲ್ಲ, ಕೈಯಲ್ಲಿ ಹಣವಿಲ್ಲದೆ ಮಾಡಿದ ವ್ಯವಹಾರ.

ಪ್ರಶ್ನೆ: ಬೆಸ್ಕಾಂ ಕೂಡ ವಿದೇಶಿ ಸಾಲ ತೆಗೆದುಕೊಂಡಿದೆಯಲ್ಲ? ನಮಗೂ ಇದೇ ಅಪಾಯವೇ?
– ಓದುಗರು, ಬೆಂಗಳೂರು

ಉತ್ತರ: 2020ರ ಕೊನೆಯಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನೊಡನೆ ಒಪ್ಪಂದವಾದ ಸಾಲ ಅದು. ಒಟ್ಟು 19 ಕೋಟಿ ಡಾಲರ್, ಅದರಲ್ಲಿ 9 ಕೋಟಿಗೆ ಸರ್ಕಾರದ ಖಾತರಿ ಇಲ್ಲ, ಬೆಸ್ಕಾಂನ ಲೆಕ್ಕಪತ್ರವನ್ನೇ ನಂಬಿ ಕೊಟ್ಟದ್ದು. ಸುಮಾರು 7,200 ಕಿಲೋಮೀಟರ್ ಮೇಲಿನ ತಂತಿಯನ್ನು ನೆಲದಡಿಯ ಕೇಬಲ್ ಮಾಡುವುದು, ಜೊತೆಗೆ 2,800 ಕಿಲೋಮೀಟರ್ ಆಪ್ಟಿಕಲ್ ಫೈಬರ್ ಹಾಕುವುದು ಯೋಜನೆ.

ಅಪಾಯ ಇದೆ, ಆದರೆ ಬೇರೆ ಬಗೆಯದು. ಕೇಬಲ್, ಟ್ರಾನ್ಸ್‌ಫಾರ್ಮರ್ ಇಲ್ಲೇ ತಯಾರಾಗುತ್ತವೆ, ಪರೀಕ್ಷೆಗೆ ಬೆಂಗಳೂರಿನಲ್ಲೇ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ (ಸಿಪಿಆರ್‌ಐ) ಇದೆ. ತೊಡಕು ಬರುವುದು ರಸ್ತೆ ಅಗೆಯುವ ಅನುಮತಿಯಲ್ಲಿ, ಕೇಬಲ್ ಜಾಯಿಂಟುಗಳಲ್ಲಿ. ಜಾಯಿಂಟಿನೊಳಗೆ ನೀರಿನ ಪಸೆ ಸೇರಿದರೆ ಅದು ಹೊರಗೆ ಕಾಣುವುದಿಲ್ಲ. ಮೇಲಿನ ತಂತಿ ಹರಿದರೆ ಲೈನ್‌ಮನ್ ಕಣ್ಣಲ್ಲೇ ಹುಡುಕುತ್ತಾರೆ. ನೆಲದಡಿ ದೋಷವಾದರೆ ಪತ್ತೆ ಉಪಕರಣ, ಅದನ್ನು ಬಳಸಬಲ್ಲ ಸಿಬ್ಬಂದಿ, ಮತ್ತೆ ಅಗೆತ. ಸಾಲದಲ್ಲಿ ಕೇಬಲ್ ಬರುತ್ತದೆ, ಮುಂದಿನ 30 ವರ್ಷದ ಈ ನಿರ್ವಹಣೆ ಬರುವುದಿಲ್ಲ. ಅದಕ್ಕೆ ಪ್ರತಿವರ್ಷ ಎಷ್ಟು ಹಣ ಎತ್ತಿಟ್ಟಿದ್ದೀರಿ ಎಂದು ವಿದ್ಯುತ್ ನಿಯಂತ್ರಣ ಆಯೋಗದ ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಯಲ್ಲಿ ಯಾವ ಗ್ರಾಹಕರೂ ಕೇಳಬಹುದು. ಲಿಖಿತ ಆಕ್ಷೇಪಣೆ ಕೊಟ್ಟರೆ ಕಂಪನಿ ಅದಕ್ಕೆ ಉತ್ತರ ಕೊಡಲೇಬೇಕು.