ಧಾರಾವಾಹಿಯಲ್ಲಿ ಹೆಸರು ಮಾಡಿದ ನಟರು ಸಿನಿಮಾದಲ್ಲಿ ಏಕೆ ಅಷ್ಟಾಗಿ ಕಾಣಿಸುವುದಿಲ್ಲ?

ಮುಖ್ಯ ತೊಡಕು ಪ್ರತಿಭೆಯದಲ್ಲ, ದಿನಗಳದು. ಶಿರಸಿಯ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ನೋಡುವ ಧಾರಾವಾಹಿ ವಾರಕ್ಕೆ 5 ಅಥವಾ 6 ಕಂತು ಪ್ರಸಾರವಾಗುವುದರಿಂದ, ಅದರ ಮುಖ್ಯ ಪಾತ್ರಧಾರಿ ತಿಂಗಳ ಬಹುಪಾಲು ದಿನಗಳನ್ನು ಚಿತ್ರೀಕರಣಕ್ಕೇ ಮೀಸಲಿಡಬೇಕಾಗುತ್ತದೆ; ಸಿನಿಮಾದವರಾದರೋ ಕಾಲ್‌ಶೀಟನ್ನು, ಅಂದರೆ ನಟ ಬರೆದುಕೊಡುವ ದಿನಗಳನ್ನು, ವಾರಗಟ್ಟಲೆ ಒಟ್ಟಿಗೇ ಕೇಳುತ್ತಾರೆ. ಯಕ್ಷಗಾನ ಬಲ್ಲ ನಮ್ಮ ಕಡೆಯವರಿಗೆ ಇದು ಹೊಸತಲ್ಲ: ಮೇಳದ ತಿರುಗಾಟಕ್ಕೆ ಒಪ್ಪಿಕೊಂಡ ಕಲಾವಿದ ನಡುವೆ ಬೇರೆಡೆ ವೇಷ ಕಟ್ಟುವುದು ಸುಲಭವೇ? ಗಡ್ಡದಂಥ ಸಣ್ಣ ಸಂಗತಿಯೂ ಅಡ್ಡ ಬರುತ್ತದೆ. ಸಿನಿಮಾಕ್ಕೆಂದು ಬೆಳೆಸಿದ ಗಡ್ಡ, ನಿನ್ನೆಯ ಕಂತಿನಲ್ಲಿ ನುಣ್ಣಗೆ ಕ್ಷೌರ ಮಾಡಿಕೊಂಡಿದ್ದ ಗಂಡನ ಮುಖಕ್ಕೆ ಹೊಂದುವುದಿಲ್ಲ. ಆದ್ದರಿಂದ ಹಲವರು ತಿಂಗಳ ಖಚಿತ ಸಂಪಾದನೆ ಬಿಟ್ಟು ಬರಬೇಕಾಗುತ್ತದೆ.

ಮನೆಯಲ್ಲಿ ದಿನವೂ ಪುಕ್ಕಟೆ ಕಾಣುವ ಮುಖವನ್ನು ಯಾರೂ ಟಿಕೆಟ್ ಕೊಂಡು ನೋಡುವುದಿಲ್ಲವೆಂಬ ಅಂಜಿಕೆಯೂ ನಿರ್ಮಾಪಕರಲ್ಲಿ ಉಂಟು. ನನ್ನ ಮಟ್ಟಿಗೆ ಅದು ಅರ್ಧ ಸತ್ಯ. ಕಿರುತೆರೆಯಿಂದ ಬಂದ ಯಶ್ ಅವರನ್ನು ಪ್ರೇಕ್ಷಕರು 2008ರ ‘ಮೊಗ್ಗಿನ ಮನಸು’ ಚಿತ್ರದಲ್ಲೇ ಗುರುತಿಸಿದರು. ಆದರೆ ದೇಶವ್ಯಾಪಿ ಹೆಸರು ತಂದ ‘ಕೆಜಿಎಫ್’ ತೆರೆಗೆ ಬಂದದ್ದು 2018ರಲ್ಲಿ, ಹತ್ತು ವರ್ಷಗಳ ಬಳಿಕ.